ಮಗಳ ಬಾಣಂತನಕ್ಕೆ ಅಮೆರಿಕಕ್ಕೆ: ಮಾತ್ರೆ ಡಬ್ಬಿ ಮನೆಯಲ್ಲೇ ಇರಲಿ

ಬೇಸಿಗೆ ಬಂತೆಂದರೆ ನನಗೆ ಬರುವ ಪ್ರಶ್ನೆಗಳಲ್ಲಿ ಅರ್ಧ ವಿದೇಶ ಪ್ರಯಾಣದವು. ಡಾಲರ್ ಎಷ್ಟು ಒಯ್ಯಬೇಕು, ಸ್ವೆಟರ್ ಯಾವುದು ಎಂದೆಲ್ಲ ಕೇಳುತ್ತಾರೆ. ನಾನು ಡಾಕ್ಟರ್, ಟ್ರಾವೆಲ್ ಏಜೆಂಟ್ ಅಲ್ಲ. ಉಳಿದವುಗಳಲ್ಲಿ ಒಂದೇ ಪ್ರಶ್ನೆ ಪ್ರತಿ ವರ್ಷ ಊರು ಬದಲಿಸಿಕೊಂಡು ಬರುತ್ತದೆ. ಈ ಸಲ ದಾವಣಗೆರೆಯಿಂದ ಬಂದಿದೆ.

ಪ್ರಶ್ನೆ: ಮಗಳಿಗೆ ಸ್ಯಾನ್ ಫ್ರಾನ್ಸಿಸ್ಕೊ ಹತ್ತಿರ ಹೆರಿಗೆ. ಐದೂವರೆ ತಿಂಗಳು ಇದ್ದು ಬರುತ್ತೇವೆ. ನನಗೆ 61, ಥೈರಾಯ್ಡ್ ಇದೆ. ಯಜಮಾನರಿಗೆ 67, ಬಿಪಿ, ಶುಗರ್, ರಾತ್ರಿ ಇನ್ಸುಲಿನ್, ನಾಲ್ಕು ವರ್ಷದ ಹಿಂದೆ ಸ್ಟೆಂಟ್ ಹಾಕಿದ್ದಾರೆ. ಮಾತ್ರೆಗಳನ್ನು ಹೇಗೆ ಒಯ್ಯಬೇಕು? ವಿಮೆ ಅರ್ಜಿಯಲ್ಲಿ ಕಾಯಿಲೆ ಬರೆಯಬೇಡಿ ಎನ್ನುತ್ತಾರೆ ಏಜೆಂಟ್. ವಿಮಾನದಲ್ಲಿ ರಕ್ತ ಹೆಪ್ಪುಗಟ್ಟದಂತೆ ಇಬ್ಬರೂ ಆಸ್ಪಿರಿನ್ ತೆಗೆದುಕೊಳ್ಳಬೇಕಂತೆ, ಹೌದೇ? ಟಿಡ್ಯಾಪ್ ಇಂಜೆಕ್ಷನ್ ಹಾಕಿಸಿಕೊಂಡೇ ಬನ್ನಿ ಎಂದು ಮಗಳ ಹಟ. – ಗೃಹಿಣಿ, ದಾವಣಗೆರೆ

ಉತ್ತರ: ಅಮ್ಮಾ, ನಿಮ್ಮ ಮನೆಯಲ್ಲೂ ಒಂದು ಡಬ್ಬಿ ಇರುತ್ತದೆ, ನೋಡದೆಯೇ ಹೇಳಬಲ್ಲೆ. ಶೀಟಿನಿಂದ ಬಿಡಿಸಿದ ಬಿಳಿ ಮಾತ್ರೆ, ಗುಲಾಬಿ ಮಾತ್ರೆ, ಅರ್ಧ ಮುರಿದ ಹಳದಿ ಮಾತ್ರೆ. ‘ಬಿಳೀದು ಬಿಪಿದು ಡಾಕ್ಟ್ರೇ’ ಎನ್ನುತ್ತಾರೆ. ಬಿಳೀದು ಮೂರಿರುತ್ತವೆ. ಆ ಡಬ್ಬಿ ದಾವಣಗೆರೆಯಲ್ಲೇ ಇರಲಿ. ಮಾತ್ರೆಗಳು ಅವುಗಳ ಶೀಟಿನಲ್ಲೇ, ಡಾಕ್ಟರ ಚೀಟಿಯ ಜೊತೆ, ಕೈಚೀಲದಲ್ಲಿ ಬರಬೇಕು. ಸೂಟ್‌ಕೇಸಿನಲ್ಲಿ ಅಲ್ಲ. ಬುದ್ಧಿ ಹೇಳುವ ನಾನೇ ಮೊದಲ ಸಲ ಜರ್ಮನಿಗೆ ಹೋದಾಗ ಬಿಪಿ ಮಾತ್ರೆಯನ್ನು ಸೂಟ್‌ಕೇಸಿಗೆ ಹಾಕಿದ್ದೆ. ಸೂಟ್‌ಕೇಸ್ ಮೂರನೇ ದಿನ ಬಂತು. ಅಲ್ಲಿನ ಔಷಧಿ ಅಂಗಡಿಯಾಕೆ ನನ್ನ ಲೆಟರ್‌ಹೆಡ್ ನೋಡಿ ನಕ್ಕು ವಾಪಸ್ ಕೊಟ್ಟಳು.

ಅಮೆರಿಕದಲ್ಲೂ ಅಷ್ಟೇ, ನಮ್ಮ ಚೀಟಿಗೆ ಅಲ್ಲಿ ಔಷಧಿ ಕೊಡುವುದಿಲ್ಲ. ಹಾಗಾದರೆ ಚೀಟಿ ಯಾಕೆ? ಕಸ್ಟಮ್ಸ್‌ನವರಿಗೆ, ಮತ್ತು ಯಜಮಾನರಿಗೆ ನಡುರಾತ್ರಿ ಎದೆನೋವು ಬಂದರೆ ನೋಡುವ ಡಾಕ್ಟರಿಗೆ. ಅದರಲ್ಲಿ ಕಂಪನಿಯ ಹೆಸರಲ್ಲ, ಔಷಧಿಯ ಮೂಲ ಹೆಸರು, ಎಷ್ಟು ಮಿಲಿಗ್ರಾಂ, ದಿನಕ್ಕೆ ಎಷ್ಟು ಸಲ ಎಂಬುದು ಟೈಪ್ ಆಗಿರಬೇಕು. ಸ್ಟೆಂಟ್ ಹಾಕಿದ ದಿನದ ಡಿಸ್‌ಚಾರ್ಜ್ ಸಮ್ಮರಿ, ಇತ್ತೀಚಿನ ಒಂದು ಇಸಿಜಿ ಜೊತೆಗಿರಲಿ. ಮೂಲ ಹೆಸರು ಯಾಕೆಂದರೆ ನಮ್ಮಲ್ಲಿ ಮನೆಮಾತಾದ ಹಲವು ಔಷಧಿಗಳು ಅಲ್ಲಿ ಇಲ್ಲವೇ ಇಲ್ಲ. ಶುಗರ್‌ಗೆ ಕೊಡುವ ಗ್ಲಿಕ್ಲಝೈಡ್, ವಿಲ್ಡಾಗ್ಲಿಪ್ಟಿನ್ ಅಲ್ಲಿ ಸಿಗುವುದಿಲ್ಲ. ಪ್ಯಾರಸಿಟಮಾಲ್ ಸಿಗುತ್ತದೆ, ಆದರೆ ಹೆಸರು ಅಸೆಟಮಿನೊಫೆನ್. ನಿಮ್ಮ ಅಳಿಯಂದಿರೇ ಅಂಗಡಿಯಲ್ಲಿ ‘ಪ್ಯಾರಸಿಟಮಾಲ್ ಇಲ್ಲವಂತೆ’ ಎಂದು ಬರಿಗೈಲಿ ಬಂದರೂ ಬಂದಾರು.

ಸ್ವಂತ ಬಳಕೆಗೆ 90 ದಿನದ ಔಷಧಿ ಎಂಬುದು ಅಮೆರಿಕದವರ ಸಾಮಾನ್ಯ ಲೆಕ್ಕ. ಅದಕ್ಕಿಂತ ಹೆಚ್ಚು ದಿನ ಇರುವ ಪ್ರವಾಸಿಗರು ಚೀಟಿ, ಡಾಕ್ಟರ ಪತ್ರ, ವೀಸಾ ಮತ್ತು ಪಾಸ್‌ಪೋರ್ಟ್ ಪ್ರತಿ ಇಟ್ಟು ಉಳಿದದ್ದನ್ನು ಅಂಚೆಯಲ್ಲಿ ತರಿಸಿಕೊಳ್ಳಬಹುದು. ಹೊರಡುವ ಹಿಂದಿನ ದಿನ ನನ್ನ ಕ್ಲಿನಿಕ್ಕಿಗೆ ಓಡಿ ಬರಬೇಡಿ. ಆರು ವಾರ ಮೊದಲು ನಿಮ್ಮ ಡಾಕ್ಟರ ಹತ್ತಿರ ಕೂತು ಇದನ್ನೆಲ್ಲ ಮುಗಿಸಿ.

ಇನ್ಸುಲಿನ್ ವಿಷಯದಲ್ಲಿ ನಾನು ಸ್ವಲ್ಪ ಹೆಚ್ಚೇ ಹೆದರುವವನು. ಅದನ್ನು ಸರಕಿನ ಜೊತೆ ಹಾಕಿದರೆ ಚಳಿಗೆ ಹೆಪ್ಪುಗಟ್ಟಬಹುದು, ಒಮ್ಮೆ ಹೆಪ್ಪುಗಟ್ಟಿದ್ದು ಕರಗಿದರೂ ಕೆಲಸಕ್ಕೆ ಬಾರದು. ಇನ್ನೊಂದು ಗಂಡಾಂತರ ಸೂಜಿಯಲ್ಲಿದೆ. ನಮ್ಮಲ್ಲಿ ಬಾಟಲಿಯ ಇನ್ಸುಲಿನ್ ಸಾಮಾನ್ಯವಾಗಿ ಮಿಲಿಲೀಟರಿಗೆ 40 ಯೂನಿಟ್, ಅದರ ಸಿರಿಂಜಿಗೆ ಕೆಂಪು ಮುಚ್ಚಳ. ಅಮೆರಿಕದ ಬಾಟಲಿ 100 ಯೂನಿಟ್‌ನದು. ಅಲ್ಲಿ ಕೊಂಡ ಬಾಟಲಿಯಿಂದ ನಮ್ಮ ಸಿರಿಂಜಿನಲ್ಲಿ 20ರ ಗೆರೆಗೆ ಎಳೆದರೆ ಒಳಗೆ ಹೋಗುವುದು 20 ಅಲ್ಲ, 50 ಯೂನಿಟ್. ಬೆಳಿಗ್ಗೆ ಎಬ್ಬಿಸಲು ಹೋದವರಿಗೆ ಮನುಷ್ಯ ಏಳುವುದಿಲ್ಲ. ಬಾಟಲಿ ಬದಲಾದರೆ ಸಿರಿಂಜೂ ಬದಲಾಗಲಿ. ಇನ್ನೂ ಒಳ್ಳೆಯದು, ಹೋಗುವ ಮೊದಲೇ ಬಾಟಲಿ, ಸಿರಿಂಜು ಎರಡೂ ಬೇಡದ ಇನ್ಸುಲಿನ್ ಪೆನ್ನಿಗೆ ಬದಲಾಯಿಸಿಕೊಂಡು ಎರಡು ವಾರ ಇಲ್ಲೇ ಅಭ್ಯಾಸ ಮಾಡಲಿ. ಗ್ಲುಕೋಮೀಟರಿನ ಪಟ್ಟಿಗಳನ್ನೂ ಇಲ್ಲಿಂದಲೇ ಒಯ್ಯಿರಿ.

ಹೊತ್ತಿನ ಲೆಕ್ಕಕ್ಕೆ ಬರೋಣ. ಬೇಸಿಗೆಯಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ನಮಗಿಂತ ಹನ್ನೆರಡೂವರೆ ಗಂಟೆ ಹಿಂದೆ. ನಮ್ಮ ರಾತ್ರಿ ಒಂಬತ್ತು ಅವರ ಬೆಳಿಗ್ಗೆ ಎಂಟೂವರೆ. ಇಳಿಯುವವರೆಗೆ ಕೈಗಡಿಯಾರ ನಮ್ಮ ಸಮಯದಲ್ಲೇ ಇರಲಿ, ಮಾತ್ರೆ ಅದರಂತೆ ನಡೆಯಲಿ. ಇಳಿದ ಮೇಲೆ ಅಲ್ಲಿನ ಬೆಳಿಗ್ಗೆ, ಅಲ್ಲಿನ ರಾತ್ರಿ. ನಿಮ್ಮ ಥೈರಾಯ್ಡ್ ಮಾತ್ರೆ ಅರ್ಧ ದಿನ ಆಚೀಚೆ ಆದರೆ ಏನೂ ಆಗದು. ಇನ್ಸುಲಿನ್ ಹಾಗಲ್ಲ. ಆ ಉದ್ದದ ದಿನಕ್ಕೆ ಎಷ್ಟು, ಯಾವಾಗ ಎಂದು ಯಜಮಾನರ ಡಾಕ್ಟರ ಕೈಲಿ ಬರೆಸಿಕೊಳ್ಳಿ.

ಆಸ್ಪಿರಿನ್: ನಿಮಗೆ ಬೇಡ. ಯಜಮಾನರಿಗೆ ಸ್ಟೆಂಟ್‌ಗೆ ಕೊಟ್ಟದ್ದು ನಡೆಯುತ್ತಿರುತ್ತದೆ, ಒಂದು ದಿನವೂ ತಪ್ಪಿಸಬಾರದು, ವಾಟ್ಸ್‌ಆಪ್ ಮಾತು ಕೇಳಿ ದುಪ್ಪಟ್ಟೂ ಮಾಡಬಾರದು. ಕಾಲಿನ ರಕ್ತ ಹೆಪ್ಪುಗಟ್ಟದಂತೆ ತಡೆಯುವುದು ಓಡಾಟ. ಕಿಟಕಿಯ ಆಸೆ ಬಿಟ್ಟು ಓಣಿ ಪಕ್ಕದ ಸೀಟು ಹಿಡಿಯಿರಿ, ಎಚ್ಚರವಿದ್ದಾಗ ಗಂಟೆ ಎರಡು ಗಂಟೆಗೊಮ್ಮೆ ಎದ್ದು ನಡೆಯಿರಿ. ಬಾತ್‌ರೂಮಿಗೆ ಏಳಬೇಕಾಗುತ್ತದೆಂದು ನೀರು ಕುಡಿಯದೆ ಕೂರುವುದು ನಮ್ಮ ಹೆಂಗಸರ ಹಳೇ ಚಾಳಿ. ಏಳಲಿ ಎಂದೇ ಕುಡಿಯಿರಿ.

ಆ ವಿಮೆ ಏಜೆಂಟ್ ಹೇಳಿದ್ದನ್ನು ಅವರ ಸಹಿ ಹಾಕಿ ಬರೆದುಕೊಡಲಿ, ನೋಡೋಣ. ಬರೆಯುವುದಿಲ್ಲ. ಸ್ಟೆಂಟ್ ಮುಚ್ಚಿಟ್ಟು ವಿಮೆ ಮಾಡಿದರೆ ಎದೆನೋವಿನ ಬಿಲ್ ಬಂದ ದಿನ ಕಂಪನಿಯವರು ಹಳೇ ದಾಖಲೆ ಕೇಳುತ್ತಾರೆ, ಅಲ್ಲಿಗೆ ಮುಗಿಯಿತು. ಅಲ್ಲಿ ಎಮರ್ಜೆನ್ಸಿಗೆ ಒಂದು ಸಲ ಹೋದರೂ ಬಿಲ್ ಸಾವಿರಾರು ಡಾಲರ್ ಆಗಬಹುದು. ಕಾಯಿಲೆ ಬರೆಯಿರಿ, ಮೊದಲೇ ಇದ್ದ ಕಾಯಿಲೆ ಉಲ್ಬಣಿಸಿದರೆ ಎಷ್ಟು ಕೊಡುತ್ತಾರೆ ಎಂದು ಓದಿ ಸಹಿ ಮಾಡಿ.

ಟಿಡ್ಯಾಪ್ ವಿಷಯದಲ್ಲಿ ಮಗಳು ಹೇಳಿದ್ದೇ ಸರಿ. ಅದು ನಾಯಿಕೆಮ್ಮಿನ ಲಸಿಕೆಯೂ ಹೌದು. ಗಾಯಕ್ಕೆ ಹಾಕಿಸಿಕೊಳ್ಳುವ ಟಿಟಿಯಲ್ಲಿ ಅದು ಇರುವುದಿಲ್ಲ, ಆದ್ದರಿಂದ ‘ಹೋದ ವರ್ಷ ಟಿಟಿ ಆಗಿದೆ’ ಎಂಬ ವಾದ ಬೇಡ. ಎಳೆಗೂಸಿಗೆ ನಾಯಿಕೆಮ್ಮು ಪ್ರಾಣಕ್ಕೇ ಬರುತ್ತದೆ. ಮಗುವನ್ನು ಎತ್ತಿಕೊಳ್ಳುವುದಕ್ಕೆ ಕನಿಷ್ಠ ಎರಡು ವಾರ ಮೊದಲು ಇಬ್ಬರೂ ಹಾಕಿಸಿಕೊಳ್ಳಿ.

ನೀವು ಕೇಳದ ಒಂದು ಮಾತು. ಅಂಟಿನುಂಡೆ ಸಂತೋಷವಾಗಿ ಒಯ್ಯಿರಿ, ಕಸ್ಟಮ್ಸ್‌ನಲ್ಲಿ ಹೇಳಿಬಿಡಿ. ಆದರೆ ಯಾರೋ ಪಂಡಿತರು ಭಸ್ಮ ಸೇರಿಸಿ ಕೊಟ್ಟ ಬಾಣಂತಿ ಲೇಹ್ಯ ಬೇಡ. 2011–12ರಲ್ಲಿ ನ್ಯೂಯಾರ್ಕಿನಲ್ಲಿ ಇಂಥ ಭಾರತೀಯ ಔಷಧಿ ತಿಂದ ಗರ್ಭಿಣಿಯರ ರಕ್ತದಲ್ಲಿ ಸೀಸ ಸಿಕ್ಕಿದ್ದು ದಾಖಲಾಗಿದೆ. ಕಾಡಿಗೆಯಲ್ಲೂ ಸೀಸ ಇರಬಹುದು, ಮಗುವಿನ ಕಣ್ಣಿಗೆ ಹಚ್ಚಬೇಡಿ. ನಾಲಿಗೆಗೆ ಜೇನು ಸವರುವುದೂ ವರ್ಷ ತುಂಬುವವರೆಗೆ ಬೇಡ. ಬೀಗರು ಬೇಸರ ಮಾಡಿಕೊಂಡರೆ ನನ್ನ ಹೆಸರು ಹೇಳಿ.

ಪ್ರಶ್ನೆ: ವಿಮಾನದಲ್ಲಿ ನಿದ್ದೆ ಬರಲು ಮಾತ್ರೆ ಬರೆದುಕೊಡಿ. – ನಿವೃತ್ತ ಅಧ್ಯಾಪಕ, ಧಾರವಾಡ

ಉತ್ತರ: ಕೊಡುವುದಿಲ್ಲ.

ಪ್ರಶ್ನೆ: ಕೀನ್ಯಾ ಸಫಾರಿಗೆ ಹೊರಟಿದ್ದೇವೆ. ಇಂಜೆಕ್ಷನ್ ಇಲ್ಲದೆ ಹಳದಿ ಜ್ವರದ ಕಾರ್ಡ್ ಮಾಡಿಸಿಕೊಡುವವರಿದ್ದಾರೆ. ಮಲೇರಿಯಾಕ್ಕೆ ಹೋಮಿಯೋಪತಿ ಸಾಕೇ? – ಮಂಗಳೂರು

ಉತ್ತರ: ಆ ಕಾರ್ಡ್ ಮಾರುವವನು ಕಳ್ಳ, ಕೊಳ್ಳುವವರನ್ನು ಏನೆಂದು ಕರೆಯಲಿ? ಸರ್ಕಾರ ಮಾನ್ಯ ಮಾಡಿದ ಕೇಂದ್ರದಲ್ಲಿ, ಹೊರಡಲು ಹತ್ತು ದಿನಕ್ಕಿಂತ ಮೊದಲು ಹಾಕಿಸಿಕೊಳ್ಳಿ. 2016ರಿಂದ ಆ ಕಾರ್ಡಿಗೆ ಜೀವನಪೂರ್ತಿ ಮಾನ್ಯತೆ ಇದೆ. ಇಲ್ಲದೆ ಮರಳಿದರೆ ಆರು ದಿನದವರೆಗೆ ಕ್ವಾರಂಟೈನಿನಲ್ಲಿ ಕೂರಬೇಕಾದೀತು. ಮಲೇರಿಯಾಕ್ಕೆ ಸಕ್ಕರೆ ಗುಳಿಗೆ ಸಾಕಾಗುವುದಿಲ್ಲ, ಡಾಕ್ಟರು ಕೊಟ್ಟ ಮಾತ್ರೆ ನುಂಗಿ, ಬಂದ ಮೇಲೂ ಅವರು ಹೇಳಿದಷ್ಟು ದಿನ ನುಂಗಿ.

ಪ್ರಶ್ನೆ: ದುಬೈಯಲ್ಲಿರುವ ಮಗನಿಗೆ ಮಂಡಿನೋವಿನ ಟ್ರಮಡಾಲ್ ಮಾತ್ರೆ ಮತ್ತು ಅರ್ಧ ಕಿಲೋ ಗಸಗಸೆ ಒಯ್ಯಬಹುದೇ? – ಹಾಸನ

ಉತ್ತರ: ಟ್ರಮಡಾಲ್ ಅಲ್ಲಿ ನಿಯಂತ್ರಿತ ಔಷಧಿ, ಇನ್ನೊಬ್ಬರಿಗೆಂದು ಒಯ್ಯುವ ಮಾತೇ ಇಲ್ಲ. ಗಸಗಸೆ ಅಲ್ಲಿ ನಿಷಿದ್ಧ, ಒಂದು ಚಮಚವೂ ಬೇಡ. ಮಗ ರಜಕ್ಕೆ ಹಾಸನಕ್ಕೆ ಬಂದಾಗ ಪಾಯಸ ಮಾಡಿ ಬಡಿಸಿ.