ಒಂದು ದೇಹದ ಎಲ್ಲ ಜೀವಕೋಶಗಳಲ್ಲೂ ಒಂದೇ ಡಿಎನ್‌ಎ ಇದ್ದರೂ ಅವು ಬೇರೆ ಬೇರೆ ಕೆಲಸಕ್ಕೆ ತಯಾರಾಗುವುದು ಹೇಗೆ?

ಡಿಎನ್‌ಎ ಒಂದೇ, ನಿಜ. ಆದರೆ ಅದರಲ್ಲಿರುವ ಜೀನ್‌ಗಳೆಲ್ಲ ಎಲ್ಲ ಕಡೆಯೂ ಕೆಲಸ ಮಾಡುವುದಿಲ್ಲ. ಭ್ರೂಣ ಬೆಳೆಯುವಾಗ ಅಕ್ಕಪಕ್ಕದ ಕೋಶಗಳಿಂದ ಬರುವ ರಾಸಾಯನಿಕ ಸಂದೇಶಗಳು ಕೆಲವು ಜೀನ್‌ಗಳನ್ನು ಚಾಲೂ ಮಾಡುತ್ತವೆ, ಕೆಲವನ್ನು ಸುಮ್ಮನಿರಿಸುತ್ತವೆ. ಯಾವ ಜೀನ್ ಚಾಲೂ ಇದೆಯೋ ಅದರ ಪ್ರೋಟೀನ್ ತಯಾರಾಗುತ್ತದೆ. ಕೋಶದ ಆಕಾರ, ಕೆಲಸ ಎಲ್ಲ ಅದರ ಮೇಲೆಯೇ.

ನಮ್ಮ ಕೆಂಪು ರಕ್ತಕಣ ನೋಡಿ. ಮೂಳೆಯ ಮಜ್ಜೆಯಲ್ಲಿ ಹುಟ್ಟಿ, ಹಿಮೋಗ್ಲೋಬಿನ್ ತುಂಬಿಕೊಂಡು, ಕೊನೆಗೆ ಡಿಎನ್‌ಎ ಇರುವ ತನ್ನ ನ್ಯೂಕ್ಲಿಯಸ್ಸನ್ನೇ ಹೊರಗೆ ಹಾಕಿಬಿಡುತ್ತದೆ! ಆಮ್ಲಜನಕ ಹೊರಲು ಜಾಗ ಜಾಸ್ತಿ ಸಿಗುತ್ತದೆ. ಆದರೆ ಹೊಸ ಪ್ರೋಟೀನ್ ಮಾಡಿಕೊಂಡು ರಿಪೇರಿ ಆಗುವಂತಿಲ್ಲ. ಸುಮಾರು 120 ದಿನಕ್ಕೆ ಅದರ ಆಯಸ್ಸು ಮುಗಿಯುತ್ತದೆ.

ಗಿಡದಲ್ಲಿ ಇದಕ್ಕಿಂತ ವಿಚಿತ್ರ. ನೀರು ಸಾಗಿಸುವ ಕ್ಸೈಲಮ್ ಕೋಶಗಳು ಗೋಡೆಗೆ ಲಿಗ್ನಿನ್ ಎಂಬ ಗಡಸು ವಸ್ತು ಸೇರಿಸಿ ಗಟ್ಟಿ ಮಾಡಿಕೊಂಡು ತಾವೇ ಸಾಯುತ್ತವೆ. ಸತ್ತು ಟೊಳ್ಳಾದ ಮೇಲೆಯೇ ಅವುಗಳ ಅಸಲಿ ಕೆಲಸ ಶುರು. ಬೇರಿನ ತುದಿಯ ಹತ್ತಿರದ ಕೆಲವು ಕೋಶಗಳು ಕೂದಲಿನಂತೆ ಉದ್ದವಾಗಿ ನೀರು ಹೀರುತ್ತವೆ.

ಒಮ್ಮೆ ಹೀಗೆ ಒಂದು ಕೆಲಸಕ್ಕೆ ತಯಾರಾದ ಕೋಶ ಮೊದಲಿನ ಸ್ಥಿತಿಗೆ ವಾಪಸ್ ಬರಬಹುದಾ? ಜೀವಂತವಿದ್ದರೆ ಗಿಡಗಳಲ್ಲಿ ಸಾಧ್ಯ. 1958ರಲ್ಲಿ ವಿಜ್ಞಾನಿ ಸ್ಟೀವರ್ಡ್ ಅವರ ತಂಡ ಕ್ಯಾರೆಟ್ ಬೇರಿನ ಕೋಶಗಳಿಂದ ಹೊಸ ಗಿಡವನ್ನೇ ಬೆಳೆಸಿತು. ಪ್ರಾಣಿಗಳಲ್ಲಿ ಕಷ್ಟ. ಆದರೂ 2006ರಲ್ಲಿ ಜಪಾನಿನ ವಿಜ್ಞಾನಿ ಯಮನಾಕ ಅವರ ತಂಡ ಬರೀ 4 ಜೀನ್ ಸೇರಿಸಿ ಇಲಿಯ ಚರ್ಮದ ಕೋಶಗಳನ್ನು ಕಾಂಡಕೋಶಗಳಂತೆ, ಅಂದರೆ ಬೇರೆ ಬೇರೆ ಬಗೆಯ ಕೋಶಗಳಾಗಿ ಬೆಳೆಯಬಲ್ಲಂತೆ, ಮಾಡಿತು.