ರೋಲರ್ ಹಾಕಿಯ ಯುವ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಅದೇ ನಾಲ್ಕು ದೇಶಗಳು ಏಕೆ ಮುಂದಿರುತ್ತವೆ?

ತಮ್ಮ ಹನ್ನೊಂದು ವರ್ಷದ ಮಗ ಸ್ಪೀಡ್ ಸ್ಕೇಟಿಂಗ್‌ನಲ್ಲಿ ಪದಕಗಳನ್ನು ಗೆಲ್ಲುತ್ತಿದ್ದು, ಈಗ ರೋಲರ್ ಹಾಕಿಯತ್ತ ಮನಸ್ಸು ಮಾಡಿದ್ದಾನೆ ಎಂದು ಬರೆದಿದ್ದೀರಿ. ಈ ಆಟದ ಯುವ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಸ್ಪೇನ್, ಪೋರ್ಚುಗಲ್, ಇಟಲಿ, ಅರ್ಜೆಂಟೀನಾಗಳೇ ಏಕೆ ಮುಂದಿರುತ್ತವೆ, ನಮ್ಮ ಊರುಗಳಲ್ಲಿ ಇಷ್ಟೊಂದು ಮಕ್ಕಳು ಸ್ಕೇಟ್ ಕಟ್ಟಿಕೊಂಡು ಓಡುತ್ತಿದ್ದರೂ ನಾವು ಆ ಸಾಲಿಗೆ ಏಕೆ ಸೇರಿಲ್ಲ ಎಂಬುದು ತಮ್ಮ ಪ್ರಶ್ನೆ. ನಾನು ತರಬೇತುದಾರನಲ್ಲ. ಉದ್ಯೋಗದ ನಿಮಿತ್ತ ಬಾರ್ಸಿಲೋನಾದಲ್ಲಿ ಕೆಲವು ವರ್ಷ ಇದ್ದು, ಮಗನನ್ನು ಅಲ್ಲಿನ ಒಂದು ಬಡಾವಣೆಯ ಕ್ಲಬ್ಬಿಗೆ ಕರೆದೊಯ್ದು, ವಾರಕ್ಕೆ ಮೂರು ಸಂಜೆ ಗ್ಯಾಲರಿಯಲ್ಲಿ ಕುಳಿತು ಕಾದ ತಂದೆಯಾಗಿ ನನಗೆ ಕಂಡದ್ದನ್ನು ಹೇಳುತ್ತೇನೆ.

ಮೊದಲು ಒಂದು ಗೊಂದಲ ತಿಳಿಯಾಗಬೇಕು. ಒಂದೇ ಸಾಲಿನಲ್ಲಿ ಚಕ್ರಗಳಿರುವ ಸ್ಕೇಟ್ ಧರಿಸಿ, ಪಕ್ ಎಂಬ ಚಪ್ಪಟೆ ಬಿಲ್ಲೆಯೊಂದಿಗೆ ಆಡುವುದು ಇನ್‌ಲೈನ್ ಹಾಕಿ. ಅದರ ವಿಶ್ವ ಚಾಂಪಿಯನ್‌ಶಿಪ್ ಬೇರೆ, ಅದರಲ್ಲಿ ಮೇಲುಗೈ ಸಾಧಿಸುವ ದೇಶಗಳೂ ಬೇರೆ. ತಾವು ಹೆಸರಿಸಿದ ನಾಲ್ಕು ದೇಶಗಳು ಆಳುವುದು ಮುಂದೆ ಎರಡು, ಹಿಂದೆ ಎರಡು ಚಕ್ರಗಳಿರುವ ಸ್ಕೇಟ್‌ಗಳ ಮೇಲೆ ಚೆಂಡಿನಿಂದ ಆಡುವ ಆಟವನ್ನು. ಅದನ್ನು ಈಗ ಅಧಿಕೃತವಾಗಿ ರಿಂಕ್ ಹಾಕಿ ಎನ್ನುತ್ತಾರೆ. ನಲವತ್ತು ಮೀಟರ್ ಉದ್ದ, ಇಪ್ಪತ್ತು ಮೀಟರ್ ಅಗಲದ ಅಂಕಣ. ಸುತ್ತಲೂ ಒಂದು ಮೀಟರ್ ಎತ್ತರದ ತಡೆಗೋಡೆ, ಅದರ ಮೂಲೆಗಳು ದುಂಡಗೆ. ಗೋಲ್‌ಕೀಪರ್ ಸೇರಿ ತಂಡಕ್ಕೆ ಐವರು. ಚೆಂಡಿನ ತೂಕ ಸುಮಾರು 155 ಗ್ರಾಂ, ಅಂದರೆ ಕ್ರಿಕೆಟ್ ಚೆಂಡಿಗೆ ಹೆಚ್ಚು ಕಡಿಮೆ ಸಮ. ನಮ್ಮ ಮೈದಾನದ ಹಾಕಿಯಲ್ಲಿ ಸ್ಟಿಕ್ಕಿನ ಹಿಂಬದಿ ಚೆಂಡಿಗೆ ತಗುಲಿದರೆ ತಪ್ಪು; ಇಲ್ಲಿ ಎರಡು ಬದಿಯಿಂದಲೂ ಆಡಬಹುದು. ಗೋಲಿನ ಹಿಂದೆಯೂ ಅಂಕಣ ಮುಂದುವರಿಯುವುದರಿಂದ, ಅಲ್ಲಿ ಸುತ್ತಿಕೊಂಡು ಬಂದು ಹೊಡೆಯುವ ಅವಕಾಶವಿದೆ. ತಡೆಗೋಡೆಗೆ ಬಡಿದು ಹಿಂದಿರುಗುವ ಚೆಂಡೂ ಆಟದಲ್ಲೇ ಇರುತ್ತದೆ. ಆದ್ದರಿಂದ ನುರಿತ ಹುಡುಗರು ಆ ಗೋಡೆಯನ್ನು ಇನ್ನೊಬ್ಬ ಆಟಗಾರನಂತೆ ಬಳಸಿಕೊಳ್ಳುತ್ತಾರೆ.

2015ರಲ್ಲಿ ಇಪ್ಪತ್ತು ವರ್ಷದೊಳಗಿನವರ ವಿಶ್ವ ಚಾಂಪಿಯನ್‌ಶಿಪ್ ಬಾರ್ಸಿಲೋನಾಕ್ಕೆ ಸಮೀಪದ ವಿಲಾನೋವಾ ಇ ಲಾ ಜೆಲ್ತ್ರು ಎಂಬ ಕಡಲತೀರದ ಊರಿನಲ್ಲಿ ನಡೆಯಿತು. ಸಮುದ್ರಕ್ಕೆ ಅಂಟಿಕೊಂಡು ಸುರಂಗಗಳ ಮೂಲಕ ಸಾಗುವ ಲೋಕಲ್ ರೈಲಿನಲ್ಲಿ ಮಗನನ್ನು ಕರೆದುಕೊಂಡು ಹೋಗಿದ್ದೆ. ನಮಗೆ ಗೋಲಿನ ಹಿಂದಿನ ಬಲೆಯ ಬಳಿ ಜಾಗ ಸಿಕ್ಕಿತು. ಅಲ್ಲಿಂದ ನನ್ನ ಕಣ್ಣು ಕೀಲಿಸಿದ್ದು ಚೆಂಡಿನ ಮೇಲಲ್ಲ, ಆಟಗಾರರ ಪಾದಗಳ ಮೇಲೆ. ಪೂರ್ಣ ವೇಗದಲ್ಲಿ ಬಂದ ಹುಡುಗ ಸ್ಕೇಟಿನ ತುದಿಯ ರಬ್ಬರ್ ತಡೆಯನ್ನು ನೆಲಕ್ಕೊತ್ತಿ ಕೀರೆಂಬ ಸದ್ದಿನೊಂದಿಗೆ ನಿಲ್ಲುತ್ತಿದ್ದ. ಎದುರಾಳಿ ತನ್ನನ್ನು ದಾಟಿ ಜಾರಿಹೋಗುವ ಆ ಅರೆಕ್ಷಣದಲ್ಲಿ ಹಿಮ್ಮುಖವಾಗಿ ತಿರುಗಿ, ತಲೆ ತಗ್ಗಿಸದೆಯೇ ಚೆಂಡನ್ನು ಮತ್ತೊಬ್ಬನಿಗೆ ದಾಟಿಸುತ್ತಿದ್ದ. ಗೋಲ್‌ಕೀಪರ್ ಒಂದು ಮೊಣಕಾಲು ಮಡಚಿ ಕುಕ್ಕುರುಗಾಲಿನಲ್ಲಿ ಕುಳಿತೇ ಪಂದ್ಯದ ಬಹುಪಾಲನ್ನು ಕಳೆದ. ಪಕ್ಕದಲ್ಲಿದ್ದ ಒಬ್ಬ ಅಜ್ಜಿ ತಂಡದ ಫೌಲ್‌ಗಳನ್ನು ಬೆರಳು ಮಡಚಿ ಲೆಕ್ಕ ಹಾಕುತ್ತಿದ್ದರು. ಹತ್ತನೆಯ ಫೌಲಿಗೆ ಎದುರಾಳಿ ತಂಡಕ್ಕೆ ಗೋಲ್‌ಕೀಪರ್ ಒಬ್ಬನನ್ನೇ ಎದುರಿಸುವ ನೇರ ಹೊಡೆತ ದೊರೆಯುತ್ತದೆ ಎಂಬ ನಿಯಮವನ್ನು ನಾನು ಕಲಿತದ್ದು ಅವರಿಂದಲೇ.

ನನ್ನ ಮಗನೂ ಬೆಂಗಳೂರಿನಲ್ಲಿ ಸ್ಪೀಡ್ ಸ್ಕೇಟಿಂಗ್ ಕಲಿತವನು. ಕ್ಲಬ್ಬಿನ ಮೊದಲ ದಿನ ಎಲ್ಲರಿಗಿಂತ ಮೊದಲು ಅಂಕಣದ ಆ ತುದಿ ಮುಟ್ಟಿ, ನಿಲ್ಲಲಾರದೆ ತಡೆಗೋಡೆಗೆ ಎದೆ ಕೊಟ್ಟ. ಅಂಡಾಕಾರದ ಟ್ರ್ಯಾಕ್‌ನಲ್ಲಿ ಎಡಕ್ಕೆ ಮಾತ್ರ ತಿರುಗಿ ರೂಢಿಯಾಗಿದ್ದ ಅವನಿಗೆ ಬಲಕ್ಕೆ ತಿರುಗುವುದನ್ನು, ಹಿಂದಕ್ಕೆ ಓಡುವುದನ್ನು, ಎಲ್ಲಕ್ಕಿಂತ ಮುಖ್ಯವಾಗಿ ನಿಲ್ಲುವುದನ್ನು ಹೊಸದಾಗಿ ಕಲಿಸಬೇಕಾಯಿತು. ಅವನಿಗಿಂತ ಮೂರು ವರ್ಷ ಚಿಕ್ಕ ಹುಡುಗಿಯೊಬ್ಬಳು ಕುರ್ಚಿಗಳ ಸಾಲಿನ ನಡುವೆ ಚೆಂಡನ್ನು ಹಿಮ್ಮುಖವಾಗಿ ಒಯ್ಯುತ್ತಿದ್ದುದನ್ನು ನೋಡಿ ಅವನಿಗೆ ಅಳು ಬಂದಿತ್ತು. ತಮ್ಮ ಪ್ರಶ್ನೆಗೆ ನನ್ನ ಉತ್ತರದ ತಿರುಳು ಇಲ್ಲಿಯೇ ಇದೆ: ಸ್ಕೇಟ್ ಮಾಡಬಲ್ಲ ಮಕ್ಕಳು ಎಷ್ಟಿದ್ದಾರೆ ಎಂಬುದಕ್ಕಿಂತ, ಆರೇಳನೆಯ ವಯಸ್ಸಿನಿಂದ ಪ್ರತಿ ವಾರಾಂತ್ಯ ನಿಜವಾದ ಪಂದ್ಯವಾಡುವ ಮಕ್ಕಳು ಎಷ್ಟಿದ್ದಾರೆ ಎಂಬುದೇ ಯುವ ಚಾಂಪಿಯನ್‌ಶಿಪ್‌ನ ಫಲಿತಾಂಶವನ್ನು ನಿರ್ಧರಿಸುತ್ತದೆ.

ಇದು ರಕ್ತಗುಣವೂ ಅಲ್ಲ, ದೇಶದ ಸಂಪತ್ತೂ ಅಲ್ಲ ಎಂಬುದಕ್ಕೆ ಆಟದ ಚರಿತ್ರೆಯೇ ಸಾಕ್ಷಿ. ಮೊದಲ ಯುರೋಪಿಯನ್ ಚಾಂಪಿಯನ್‌ಶಿಪ್ 1926ರಲ್ಲಿ ಇಂಗ್ಲೆಂಡಿನ ಹರ್ನ್ ಬೇ ಪಟ್ಟಣದಲ್ಲಿ ನಡೆಯಿತು, ಮೊದಲ ವಿಶ್ವ ಚಾಂಪಿಯನ್‌ಶಿಪ್ 1936ರಲ್ಲಿ ಜರ್ಮನಿಯ ಸ್ಟಟ್‌ಗಾರ್ಟ್‌ನಲ್ಲಿ. ಎರಡನ್ನೂ ಗೆದ್ದದ್ದು ಇಂಗ್ಲೆಂಡ್. ಎರಡನೆಯ ಮಹಾಯುದ್ಧದ ನಂತರ, 1947ರಲ್ಲಿ ಲಿಸ್ಬನ್‌ನಲ್ಲಿ ಪೋರ್ಚುಗಲ್ ಪ್ರಶಸ್ತಿ ಪಡೆಯಿತು; ಇಂಗ್ಲೆಂಡಿನ ಆ ಕಾಲ ಮರಳಿ ಬರಲಿಲ್ಲ. ಪೋರ್ಚುಗೀಸರ ವಸಾಹತುಗಳಾಗಿದ್ದ ಅಂಗೋಲಾ, ಮೊಜಾಂಬಿಕ್‌ಗಳಲ್ಲಿ ಆಟ ಬೇರೂರಿತು. 2011ರ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಮೊಜಾಂಬಿಕ್ ನಾಲ್ಕನೆಯ ಸ್ಥಾನಕ್ಕೇರಿದ್ದು ಹಣದ ಬಲದಿಂದಂತೂ ಅಲ್ಲ. ಅರ್ಜೆಂಟೀನಾದಲ್ಲಿಯೂ ಆಟ ದೇಶದ ಉದ್ದಗಲಕ್ಕೆ ಒಂದೇ ಸಮನೆ ಹಬ್ಬಿಲ್ಲ. ಆಂಡಿಸ್ ಪರ್ವತದ ತಪ್ಪಲಿನ ಸಾನ್ ಹ್ವಾನ್ ಅದರ ತವರು.

ಬಾರ್ಸಿಲೋನಾ ಇರುವ ಸ್ಪೇನಿನ ಪ್ರಾಂತ್ಯ ಕ್ಯಾಟಲೋನಿಯಾದಲ್ಲಿ ಇದನ್ನು ಇನ್ನೂ ಸ್ಪಷ್ಟವಾಗಿ ಕಾಣಬಹುದು. ಇಗುವಲಾದಾ ಸುಮಾರು ನಲವತ್ತು ಸಾವಿರ ಜನರಿರುವ ಊರು, ಚರ್ಮ ಹದಮಾಡುವ ಕಸುಬಿಗೆ ಹೆಸರಾದುದು. ಆ ಊರಿನ ಕ್ಲಬ್ ಯುರೋಪಿಯನ್ ಕಪ್ಪನ್ನು ಆರು ಬಾರಿ ಗೆದ್ದಿದೆ, ಅದೂ 1990ರ ದಶಕವೊಂದರಲ್ಲೇ. ಇದು ಹೇಗೆ ಸಾಧ್ಯವೆಂದು ಕೇಳುವವರಿಗೆ ನಾನು ಕೊಡಗಿನ ಉದಾಹರಣೆ ಕೊಡುತ್ತೇನೆ. ಅಷ್ಟು ಚಿಕ್ಕ ಜಿಲ್ಲೆಯಿಂದ ಅಷ್ಟೊಂದು ಹಾಕಿ ಆಟಗಾರರು ಹೇಗೆ ಬಂದರೆಂದು ಅಲ್ಲಿಯವರು ಯಾರೂ ಬೆರಗಾಗುವುದಿಲ್ಲ. ಅಲ್ಲಿ ಹಾಕಿ ಮನೆತನಗಳ ಆಟ. 1997ರಲ್ಲಿ ಕರಡ ಗ್ರಾಮದಲ್ಲಿ ಪಾಂಡಂಡ ಕುಟ್ಟಪ್ಪನವರು ಆರಂಭಿಸಿದ ಕೌಟುಂಬಿಕ ಹಾಕಿ ಉತ್ಸವದಲ್ಲಿ ಅಜ್ಜ ಮೊಮ್ಮಗ ಒಂದೇ ತಂಡದಲ್ಲಿ ಇಳಿದರೂ ಯಾರೂ ಹುಬ್ಬೇರಿಸುವುದಿಲ್ಲ. ಇಗುವಲಾದಾದ ರೋಲರ್ ಹಾಕಿಯೂ ಅಂಥದ್ದೇ.

ನಮ್ಮಲ್ಲಿ ಕೊರತೆಯಿರುವುದು ಎಲ್ಲಿ? ಭಾರತದಲ್ಲಿ ರೋಲರ್ ಹಾಕಿಯ ರಾಷ್ಟ್ರೀಯ ಚಾಂಪಿಯನ್‌ಶಿಪ್ ನಡೆಯುತ್ತದೆ. ಏಷ್ಯನ್ ಚಾಂಪಿಯನ್‌ಶಿಪ್‌ಗಳಲ್ಲಿ ನಮ್ಮ ತಂಡಗಳು ಆಡಿವೆ. ಆದರೆ ಬೆಂಗಳೂರಿನಲ್ಲಿ ನಾನು ನೋಡಿದ ರಿಂಕ್‌ಗಳಲ್ಲಿ ಹೆಚ್ಚಿನವು ಬಯಲಿನ ಕಾಂಕ್ರೀಟ್ ಅಂಗಳಗಳು. ಸುತ್ತ ಸರಿಯಾದ ತಡೆಗೋಡೆಯಿಲ್ಲ, ಮಳೆಗಾಲದಲ್ಲಿ ಅಭ್ಯಾಸವೇ ಇಲ್ಲ, ಒಂದೇ ಗಂಟೆಯಲ್ಲಿ ಮೂವತ್ತು ಮಕ್ಕಳು ಸುತ್ತು ಹಾಕಬೇಕು. ಅಂಥ ಕಡೆ ಓಟ ಕಲಿಸುವುದು ಸುಲಭ, ಹಾಕಿ ಕಲಿಸುವುದು ಕಷ್ಟ. ಪಾಲಕರಾದ ನಾವೂ ಕಡಿಮೆಯಿಲ್ಲ: ಓಟದಲ್ಲಿ ಮಗುವಿಗೆ ಸ್ವಂತದ ಪದಕ ಬರುತ್ತದೆ, ಹಾಕಿಯಲ್ಲಿ ಒಂದು ಪದಕಕ್ಕೆ ಹತ್ತು ಮಕ್ಕಳನ್ನು ವರ್ಷಗಟ್ಟಲೆ ಒಟ್ಟಿಗೆ ಹಿಡಿದಿಡಬೇಕು.

ತಮ್ಮ ಮಗನಿಗೆ ಆಸಕ್ತಿಯಿದ್ದರೆ ಖಂಡಿತ ಸೇರಿಸಿ, ಹನ್ನೊಂದು ತಡವೇನಲ್ಲ. ಆದರೆ ಕೋಚನ್ನು ಭೇಟಿಯಾದಾಗ ಎಷ್ಟು ಪದಕ ಬಂದಿದೆ ಎಂದು ಕೇಳಬೇಡಿ. ತಿಂಗಳಿಗೆ ಎಷ್ಟು ಪಂದ್ಯ ಆಡಿಸುತ್ತೀರಿ, ಗೋಲ್‌ಕೀಪರ್‌ಗೆ ಪ್ರತ್ಯೇಕ ಅಭ್ಯಾಸ ಇದೆಯೇ ಎಂದು ಕೇಳಿ. ಮೊದಲ ಆರು ತಿಂಗಳು ಅವನು ತನಗಿಂತ ನಿಧಾನವಾಗಿ ಓಡುವವರ ಎದುರು ಸೋಲುತ್ತಾನೆ. ಆಗ ಮನೆಯಲ್ಲಿ ಯಾರೂ ಗದರಬಾರದು.

ನನ್ನ ಮಗ ಹದಿನೇಳರವರೆಗೆ ಆಡಿದ. ರಾಷ್ಟ್ರೀಯ ತಂಡವಿರಲಿ, ಪ್ರಾಂತ್ಯದ ತಂಡದ ಆಯ್ಕೆಗೂ ಅವನಿಗೆ ಕರೆ ಬರಲಿಲ್ಲ. ಆ ಒಂದು ಬಡಾವಣೆಯ ಕ್ಲಬ್ಬಿನಲ್ಲೇ ಅವನ ವಯಸ್ಸಿನ ಎರಡು ತಂಡಗಳಿದ್ದವು. ಅವನು ಆಡಿದ್ದು ಎರಡನೆಯದರಲ್ಲಿ.