ಓದುಗರ ಪ್ರಶ್ನೆಗೆ ಉತ್ತರ: ಆಟದೊಳಗಿನ ನೌಕೆಯನ್ನು ಬಿಡಿಸುವುದು ಹೇಗೆ?

ಪ್ರಶ್ನೆ: ನಾನು ಮಂಡ್ಯದಲ್ಲಿ ಡಿಪ್ಲೊಮಾ ಓದುತ್ತಿರುವ ವಿದ್ಯಾರ್ಥಿ. ಸ್ಟಾರ್‌ಸೆಕ್ಟರ್ ಎಂಬ ಕಂಪ್ಯೂಟರ್ ಆಟವನ್ನು ಎರಡು ವರ್ಷಗಳಿಂದ ಆಡುತ್ತಿದ್ದೇನೆ. ಆಟಗಾರರೇ ಹೊಸ ಅಂತರಿಕ್ಷ ನೌಕೆಗಳನ್ನು ತಯಾರಿಸಿ ಆಟಕ್ಕೆ ಸೇರಿಸಬಹುದು. ಇದನ್ನು ಮಾಡ್ ಎನ್ನುತ್ತಾರೆ. ನನ್ನದೇ ಒಂದು ನೌಕಾಪಡೆ ಇರಬೇಕೆಂಬ ಆಸೆಯಿಂದ ನಾಲ್ಕು ತಿಂಗಳಿಂದ ಮೌಸ್ ಹಿಡಿದು ನೌಕೆಗಳ ಚಿತ್ರಗಳನ್ನು, ಅಂದರೆ ಸ್ಪ್ರೈಟ್‌ಗಳನ್ನು, ಬಿಡಿಸುತ್ತಿದ್ದೇನೆ. ಹಿಗ್ಗಿಸಿ ನೋಡಿದಾಗ ಚೆನ್ನಾಗಿ ಕಾಣುವ ಚಿತ್ರ ಆಟದೊಳಗೆ ಹೋದ ಕೂಡಲೇ ಬೂದು ಬಣ್ಣದ ಮುದ್ದೆಯಾಗುತ್ತದೆ. ನೌಕೆ ತಿರುಗಿದಾಗ ನೆರಳು ತಪ್ಪಾಗಿ ಕಾಣುತ್ತದೆ. ಅಂಚಿನ ಸುತ್ತ ಬಿಳಿ ಗೆರೆಯೊಂದು ಉಳಿದುಬಿಡುತ್ತದೆ. ನಾನು ಚಿತ್ರಕಲೆ ಕಲಿತವನಲ್ಲ. ಎಲ್ಲಿಂದ ಪ್ರಾರಂಭಿಸಬೇಕು?
– ಓದುಗರು, ಮಂಡ್ಯ

ಉತ್ತರ: ನೀವು ಪತ್ರದೊಂದಿಗೆ ಕಳುಹಿಸಿದ ಮೂರು ಚಿತ್ರಗಳನ್ನು ನಿಧಾನವಾಗಿ ನೋಡಿದೆ. ಪ್ರತಿಯೊಂದು ತಗಡಿನ ಜೋಡಣೆಯನ್ನೂ ಪ್ರತಿಯೊಂದು ಕಿಟಕಿಯನ್ನೂ ಬಹಳ ಶ್ರದ್ಧೆಯಿಂದ ಬಿಡಿಸಿದ್ದೀರಿ; ಆದರೆ ಆ ಶ್ರದ್ಧೆಯೆಲ್ಲ ನೌಕೆಯ ಆಕಾರ ಗಟ್ಟಿಯಾಗುವ ಮೊದಲೇ ಸಣ್ಣ ಗೆರೆಗಳಿಗೆ ಸಂದುಹೋಗಿದೆ. ನಾನೂ ಮೊದಲ ನೌಕೆಯನ್ನು ಹೀಗೆಯೇ, ಬಹಳ ದೊಡ್ಡ ಅಳತೆಯಲ್ಲಿ, ಮೂರು ವಾರ ಕುಳಿತು ಬಿಡಿಸಿದ್ದೆ. ಆಟದ ಅಳತೆಗೆ ಕುಗ್ಗಿಸಿದಾಗ ಆ ಮೂರು ವಾರದ ಕೆಲಸದಲ್ಲಿ ಹೊರಗೆರೆಯೊಂದನ್ನು ಬಿಟ್ಟು ಏನೂ ಉಳಿಯಲಿಲ್ಲ, ಆ ಹೊರಗೆರೆಯೂ ಚೆನ್ನಾಗಿರಲಿಲ್ಲ. ಆದ್ದರಿಂದ ಮೊದಲು ಹೊರಗೆರೆಯ ವಿಷಯವನ್ನೇ ಹೇಳುತ್ತೇನೆ.

1962ರಲ್ಲಿ ಅಮೆರಿಕದ ಎಂಐಟಿಯಲ್ಲಿ ಸ್ಟೀವ್ ರಸೆಲ್ ಮತ್ತು ಅವರ ಸಂಗಡಿಗರು ಪಿಡಿಪಿ-1 ಕಂಪ್ಯೂಟರಿಗಾಗಿ ‘ಸ್ಪೇಸ್‌ವಾರ್’ ಎಂಬ ಆಟವನ್ನು ರಚಿಸಿದರು. ಅದರಲ್ಲಿದ್ದುದು ಎರಡೇ ನೌಕೆಗಳು; ಬಣ್ಣವಿಲ್ಲ, ನೆರಳಿಲ್ಲ, ಕೇವಲ ಬೆಳಕಿನ ಚುಕ್ಕೆಗಳು. ಹಾಗಿದ್ದರೂ ಯಾವುದು ತನ್ನ ನೌಕೆಯೆಂಬ ಗೊಂದಲ ಆಟಗಾರರಿಗೆ ಉಂಟಾಗುತ್ತಿರಲಿಲ್ಲ, ಏಕೆಂದರೆ ಒಂದು ಸೂಜಿಯಂತೆ ಸಪೂರವಾಗಿತ್ತು, ಇನ್ನೊಂದು ಬೆಣೆಯಂತೆ ಅಗಲವಾಗಿತ್ತು, ಮತ್ತು ಅವುಗಳನ್ನು ಜನರು ಕರೆಯುತ್ತಿದ್ದುದೂ ಸೂಜಿ, ಬೆಣೆ ಎಂದೇ. ನಿಮ್ಮ ನೌಕೆಯೂ ಹೀಗೆ ಒಂದು ಮಾತಿನಲ್ಲಿ ಗುರುತು ಹೇಳುವಂತಿರಬೇಕು. ಮೈಸೂರು ಜಿಲ್ಲೆಯ ಸೋಮನಾಥಪುರದಲ್ಲಿ 1258ರಲ್ಲಿ ಪ್ರತಿಷ್ಠಾಪನೆಯಾದ ಕೇಶವ ದೇವಾಲಯದ ತಳವಿನ್ಯಾಸವನ್ನು ಒಮ್ಮೆ ನೋಡಿ. ಗೋಡೆಯ ಮೇಲಿನ ಸಾವಿರಾರು ಕೆತ್ತನೆಗಳಲ್ಲಿ ಒಂದೂ ಆ ನಕ್ಷೆಯಲ್ಲಿ ಕಾಣುವುದಿಲ್ಲ. ಆದರೂ ನಕ್ಷತ್ರಾಕಾರದ ಮೂರು ಗರ್ಭಗುಡಿಗಳ ಹೊರಗೆರೆಯಿಂದಲೇ ಅದು ಯಾವ ದೇವಾಲಯವೆಂದು ತಿಳಿಯುತ್ತದೆ. ನೀವು ಬಿಡಿಸುತ್ತಿರುವುದೂ ಮೇಲಿನಿಂದ ಕಂಡ ನೋಟವೇ ಆದ್ದರಿಂದ ಈ ಉದಾಹರಣೆ ನಿಮಗೆ ನೇರವಾಗಿ ಸಲ್ಲುತ್ತದೆ.

ಮುಂದಿನ ಎರಡು ವಾರ ಬಣ್ಣವನ್ನು ಮುಟ್ಟಬೇಡಿ. ಆಟದ ಮೂಲ ನೌಕೆಯೊಂದರ ಚಿತ್ರವನ್ನು ಕ್ಯಾನ್ವಾಸಿನ ಒಂದು ಮೂಲೆಯಲ್ಲಿ ಅಳತೆಗಾಗಿ ಇಟ್ಟುಕೊಂಡು, ಅದೇ ಗಾತ್ರದಲ್ಲಿ, ಮೂತಿ ಮೇಲಕ್ಕೆ ಇರುವಂತೆ, ಒಂದೇ ಬಣ್ಣ ತುಂಬಿದ ಇಪ್ಪತ್ತು ಆಕಾರಗಳನ್ನು ಮಾಡಿ. ಲಾಸೊ ಉಪಕರಣದಿಂದ ಆಕಾರವನ್ನು ಸುತ್ತಿ ಬಣ್ಣ ತುಂಬುವುದಕ್ಕೆ ಮೌಸ್ ಸಾಕು. ಪೆನ್ ಟ್ಯಾಬ್ಲೆಟ್‌ಗೆ ಈಗಲೇ ಹಣ ಹಾಕಬೇಡಿ. ಉಚಿತವಾಗಿ ದೊರೆಯುವ ಗಿಂಪ್ ಅಥವಾ ಕ್ರಿಟಾ ತಂತ್ರಾಂಶದಲ್ಲಿ ಈ ಕೆಲಸವೆಲ್ಲ ಆಗುತ್ತದೆ. ಚಿತ್ರವನ್ನು ಹಿಗ್ಗಿಸಿ ಬಿಡಿಸಿದರೂ ಪ್ರತಿ ಐದು ನಿಮಿಷಕ್ಕೊಮ್ಮೆ ನೂರು ಶೇಕಡಾ ಅಳತೆಗೆ ಹಿಂದಿರುಗಿ ನೋಡಿ, ಅಲ್ಲಿ ಕಾಣದಿರುವುದನ್ನು ಅಳಿಸಿಬಿಡಿ.

ಎರಡನೆಯದು ಬೆಳಕು. ನಿಮ್ಮ ಮೂರು ಚಿತ್ರಗಳಲ್ಲಿಯೂ ಬೆಳಕು ಎಡಮೇಲಿನ ಮೂಲೆಯಿಂದ ಬರುತ್ತದೆ. ಕಾಗದದ ಮೇಲಿನ ಚಿತ್ರಕ್ಕೆ ಅದು ಸರಿಯೇ. ಆದರೆ ಆಟವು ನಿಮ್ಮ ಚಿತ್ರವನ್ನು ಇದ್ದ ಹಾಗೆಯೇ ತಿರುಗಿಸುತ್ತದೆ. ನೌಕೆ ಹಿಮ್ಮುಖವಾದಾಗ ಚಿತ್ರದೊಳಗಿನ ಬೆಳಕೂ ಅದರೊಡನೆ ತಿರುಗಿ ಬಲಕೆಳಗಿನಿಂದ ಬಂದಂತೆ ಕಾಣುತ್ತದೆ, ಪಕ್ಕದಲ್ಲಿರುವ ಇನ್ನೊಂದು ನೌಕೆಯಲ್ಲಿ ಮಾತ್ರ ಅದು ಬೇರೆ ದಿಕ್ಕಿನಲ್ಲಿರುತ್ತದೆ. ಇದಕ್ಕೆ ಪರಿಹಾರವೆಂದರೆ ಬೆಳಕನ್ನು ನೋಡುವವರ ಕಣ್ಣಿನ ಕಡೆಯಿಂದ, ಅಂದರೆ ನೆತ್ತಿಯ ಮೇಲಿನಿಂದ ಬೀಳಿಸುವುದು. ನಡುಮಧ್ಯಾಹ್ನದ ಬಿಸಿಲಿನಲ್ಲಿ ಹಂಚಿನ ಮನೆಯೊಂದನ್ನು ಮೇಲಿನಿಂದ ನೋಡುತ್ತಿರುವಂತೆ ಊಹಿಸಿಕೊಳ್ಳಿ: ಸಮತಟ್ಟಾದ ತಾರಸಿಯ ಭಾಗ ಬೆಳ್ಳಗಿರುತ್ತದೆ, ಇಳಿಜಾರಿನ ಎರಡೂ ಮಗ್ಗುಲುಗಳು ಒಂದೇ ಸಮನಾಗಿ ಮಬ್ಬಾಗಿರುತ್ತವೆ, ಸೂರಿನ ಕೆಳಗೆ ಮಾತ್ರ ಕತ್ತಲಿರುತ್ತದೆ. ನೌಕೆಗೂ ಹೀಗೆಯೇ ಮಾಡಿ. ಎತ್ತರದ ಭಾಗಕ್ಕೆ ತಿಳಿಬೂದು, ನಡುವಿನದಕ್ಕೆ ಮಧ್ಯಮ, ತಗ್ಗಿಗೆ ಗಾಢ, ಹೀಗೆ ಮೂರೇ ಛಾಯೆಗಳಿಂದ ಇಡೀ ಒಡಲನ್ನು ತುಂಬಿ. ಎತ್ತರದ ಭಾಗವು ತಗ್ಗಿನ ಭಾಗವನ್ನು ಮುಟ್ಟುವಲ್ಲಿ, ಸುತ್ತಲೂ, ಒಂದೆರಡು ಪಿಕ್ಸೆಲ್ ಅಗಲದ ನೆರಳು ಕೊಡಿ. ನೆರಳನ್ನು ಒಂದು ಪಕ್ಕಕ್ಕೆ ಉದ್ದವಾಗಿ ಚಾಚಬೇಡಿ. ಹೀಗೆ ಮಾಡಿದರೆ ಅರ್ಧ ನೌಕೆಯನ್ನು ಬಿಡಿಸಿ ಕನ್ನಡಿಯಂತೆ ತಿರುಗಿಸಿ ಜೋಡಿಸುವ ಅನುಕೂಲವೂ ಸಿಗುತ್ತದೆ, ಏಕೆಂದರೆ ಎಡಬಲಗಳ ಬೆಳಕು ಒಂದೇ ಆಗಿರುತ್ತದೆ. ಜೋಡಿಸಿದ ಮೇಲೆ ಒಂದು ಆಂಟೆನಾ, ಒಂದು ದುರಸ್ತಿಯಾದ ತಗಡು, ಹೀಗೆ ಒಂದೆರಡನ್ನು ಒಂದು ಕಡೆ ಮಾತ್ರ ಸೇರಿಸಿ.

ಸ್ಟಾರ್‌ಸೆಕ್ಟರಿನಲ್ಲಿ ಪ್ರತಿ ನೌಕೆಗೂ ಒಂದು ಮಾಹಿತಿ ಕಡತವಿದ್ದು, ಅದರಲ್ಲಿ ನೌಕೆಯ ಕೇಂದ್ರಬಿಂದುವನ್ನು ಬರೆಯಬೇಕಾಗುತ್ತದೆ. ಆ ಬಿಂದು ತಪ್ಪಿದರೆ ನೌಕೆಯು ಇದ್ದಲ್ಲೇ ತಿರುಗುವ ಬದಲು ಗೂಟಕ್ಕೆ ಕಟ್ಟಿದ ಕರುವಿನಂತೆ ಸುತ್ತು ಹಾಕುತ್ತದೆ. ಚಿತ್ರವನ್ನು ಕತ್ತರಿಸಿ ಅಳತೆ ಬದಲಾಯಿಸಿದಾಗಲೆಲ್ಲ ಈ ಅಂಕಿಗಳನ್ನು ಮತ್ತೆ ಪರೀಕ್ಷಿಸಿ.

ಇನ್ನು ಮುದ್ದೆಯಾಗುವ ವಿಷಯ. ಎಲ್ಲ ಗೆರೆಗಳೂ ಒಂದೇ ಗಾಢತೆಯಲ್ಲಿದ್ದು, ಒಡಲಿನ ಎಲ್ಲೆಡೆ ಸಮನಾಗಿ ಹರಡಿದ್ದರೆ, ಕಣ್ಣು ನಿಲ್ಲುವುದಕ್ಕೆ ಜಾಗವಿರುವುದಿಲ್ಲ. ಮೈಸೂರಿನ ಬೀಟೆ ಮರದ ಇನ್‌ಲೇ ಕೆಲಸವನ್ನು ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ: ಕಪ್ಪನೆಯ ಮರ ವಿಶಾಲವಾಗಿ ಖಾಲಿ ಉಳಿದಿರುವುದರಿಂದಲೇ ಅದರಲ್ಲಿ ಕೂರಿಸಿದ ಆನೆ ಎದ್ದು ಕಾಣುತ್ತದೆ. ನೌಕೆಯನ್ನು ನಡೆಸುವವರ ಕೋಣೆ (ಬ್ರಿಡ್ಜ್), ಎಂಜಿನ್ ಬಾಯಿ, ಫಿರಂಗಿಯ ಬುಡ, ಈ ಮೂರು ಕಡೆ ವಿವರಗಳನ್ನು ಒತ್ತಾಗಿ ಇಟ್ಟು ಉಳಿದ ಒಡಲನ್ನು ನಿರಾಳವಾಗಿ ಬಿಡಿ. ಬೂದುಬಣ್ಣಕ್ಕೆ ಕಪ್ಪನ್ನು ಬೆರೆಸಿ ನೆರಳು ಮಾಡುವ ಬದಲು ನೆರಳನ್ನು ನೀಲಿಯ ಕಡೆಗೂ ಬೆಳಕನ್ನು ಸ್ವಲ್ಪ ಹಳದಿಯ ಕಡೆಗೂ ವಾಲಿಸಿದರೆ ಲೋಹಕ್ಕೆ ಜೀವ ಬರುತ್ತದೆ.

ಯಾವ ವಿವರಗಳನ್ನು ಇಡಬೇಕೆಂಬುದನ್ನು ಬೇರೆ ನೌಕೆಗಳ ಚಿತ್ರಗಳಿಂದ ಮಾತ್ರ ಕಲಿಯಬೇಡಿ, ನಿಜವಾದ ಯಂತ್ರಗಳನ್ನು ನೋಡಿ. ರೈಲು ಹತ್ತಿ ಮೈಸೂರಿಗೆ ಬಂದರೆ 1979ರಲ್ಲಿ ಪ್ರಾರಂಭವಾದ ರೈಲ್ವೆ ವಸ್ತುಸಂಗ್ರಹಾಲಯದಲ್ಲಿ ಉಗಿಬಂಡಿಗಳ ಪಕ್ಕದಲ್ಲಿಯೇ ನಿಂತು ಚಿತ್ರ ಬರೆದುಕೊಳ್ಳಬಹುದು. ರಿವೆಟ್‌ಗಳು ತಗಡಿನ ಅಂಚಿನಲ್ಲಿ ಸಾಲಾಗಿ ಇರುತ್ತವೆಯೇ ಹೊರತು ನಡುವೆ ಚೆಲ್ಲಿರುವುದಿಲ್ಲ. ಪ್ರತಿ ಕೊಳವೆಯೂ ಎಲ್ಲಿಂದಲೋ ಹೊರಟು ಎಲ್ಲಿಗೋ ಸೇರುತ್ತದೆ. ನಿಮ್ಮ ಎರಡನೆಯ ಚಿತ್ರದಲ್ಲಿ ಎಂಜಿನ್ ಪಕ್ಕದ ಕೊಳವೆ ಎಲ್ಲಿಗೂ ಸೇರದೆ ನಿಂತಿದೆ. ಅಷ್ಟು ದೂರ ಬರಲಾಗದಿದ್ದರೆ ನಿಮ್ಮ ಸುತ್ತಲಿನ ಆಲೆಮನೆಯೊಂದರ ಕಬ್ಬು ಅರೆಯುವ ಯಂತ್ರವೂ ಒಳ್ಳೆಯ ಗುರುವೇ.

ಬಿಳಿ ಗೆರೆಯ ಕಾರಣ ಸರಳವಾಗಿದೆ. ಬಿಳಿ ಹಿನ್ನೆಲೆಯ ಮೇಲೆ ಬಿಡಿಸಿ ಆಮೇಲೆ ಹಿನ್ನೆಲೆಯನ್ನು ಅಳಿಸಿದರೆ, ಅಂಚಿನಲ್ಲಿರುವ ಅರೆಪಾರದರ್ಶಕ ಪಿಕ್ಸೆಲ್‌ಗಳಲ್ಲಿ ಬೆರೆತ ಬಿಳಿ ಹಾಗೆಯೇ ಉಳಿಯುತ್ತದೆ, ಮತ್ತು ಕಪ್ಪು ಆಕಾಶದ ಮೇಲೆ ಅದು ಹೊಳೆಯುತ್ತದೆ. ಮೊದಲಿನಿಂದಲೇ ಪಾರದರ್ಶಕ ಹಿನ್ನೆಲೆಯ ಕಡತ ತೆರೆದು, ಕೆಳಗಿನ ಲೇಯರಿನಲ್ಲಿ, ಅಂದರೆ ಚಿತ್ರದ ಕೆಳಪದರದಲ್ಲಿ, ಕಡುನೀಲಿಯನ್ನು ತಾತ್ಕಾಲಿಕವಾಗಿ ತುಂಬಿಕೊಂಡು ಕೆಲಸ ಮಾಡಿ, ಉಳಿಸುವಾಗ ಆ ಲೇಯರನ್ನು ಮರೆಮಾಡಿ. ಸುತ್ತಲೂ ಎರಡು ಪಿಕ್ಸೆಲ್ ಖಾಲಿ ಜಾಗವಿರಲಿ. ಪಿಎನ್‌ಜಿ ರೂಪದಲ್ಲಿಯೇ ಉಳಿಸಿ. ಜೆಪೆಗ್‌ನಲ್ಲಿ ಪಾರದರ್ಶಕತೆ ಉಳಿಯುವುದಿಲ್ಲ.

ಪ್ರಶ್ನೆ: ಪ್ರೌಢಶಾಲೆಯಲ್ಲಿ ಓದುವ ನನ್ನ ಮಗಳು ಬೇರೆಯವರು ಬಿಡಿಸಿದ ನೌಕೆಗಳ ತುಂಡುಗಳನ್ನು ಕತ್ತರಿಸಿ ಅಂಟಿಸಿ ತನ್ನ ನೌಕೆಯನ್ನು ಮಾಡುತ್ತಾಳೆ. ಇದು ನಕಲು ಅಲ್ಲವೇ? ತಡೆಯಬೇಕೇ?
– ಓದುಗರು, ಕುವೆಂಪುನಗರ, ಮೈಸೂರು

ಉತ್ತರ: ದಯವಿಟ್ಟು ತಡೆಯಬೇಡಿ. ಇದಕ್ಕೆ ಕಿಟ್‌ಬ್ಯಾಷಿಂಗ್ ಎನ್ನುತ್ತಾರೆ. ಅಂಗಡಿಯಲ್ಲಿ ದೊರೆಯುವ ಮಾದರಿ ವಿಮಾನ, ಹಡಗುಗಳ ಬಿಡಿಭಾಗಗಳನ್ನು ಕಲೆಸಿ ಹೊಸದೊಂದನ್ನು ಜೋಡಿಸುತ್ತಿದ್ದವರಿಂದ ಬಂದ ಹೆಸರು ಅದು. ಕಲಿಯುವವರಿಗೆ ಆಕಾರಗಳ ಪರಿಚಯವಾಗುವುದಕ್ಕೆ ಇದು ಒಳ್ಳೆಯ ದಾರಿ. ಮನೆಯಲ್ಲಿ ಅಭ್ಯಾಸಕ್ಕೆ ಮಾಡುವುದು ಬೇರೆ, ಇತರರಿಗೆ ಹಂಚುವುದು ಬೇರೆ. ಹಂಚುವ ಮೊದಲು ಆಟದ ಮೂಲ ಚಿತ್ರಗಳ ಬಗ್ಗೆ ತಯಾರಕರು ಹಾಕಿರುವ ಷರತ್ತುಗಳನ್ನು ನೀವಿಬ್ಬರೂ ಒಟ್ಟಿಗೆ ಓದಬೇಕು, ಮತ್ತು ಇನ್ನೊಬ್ಬ ಹವ್ಯಾಸಿಯ ತುಂಡನ್ನು ಬಳಸಿದ್ದರೆ ಅವರ ಅನುಮತಿ ಪಡೆದು ಹೆಸರನ್ನು ನಮೂದಿಸಬೇಕು. ಕೆಲಸದ ದೃಷ್ಟಿಯಿಂದ ಅವಳಿಗೆ ಒಂದು ಮಾತು ತಿಳಿಸಿ: ಕತ್ತರಿಸಿದ ತುಂಡನ್ನು ಹಿಗ್ಗಿಸುವುದಾಗಲಿ ಓರೆಯಾಗಿ ತಿರುಗಿಸುವುದಾಗಲಿ ಮಾಡಿದರೆ ಅದರ ಪಿಕ್ಸೆಲ್‌ಗಳು ಕಲಸಿಹೋಗಿ ಪಕ್ಕದ ತುಂಡಿನೊಡನೆ ಹೊಂದುವುದಿಲ್ಲ. ಹಾಗೆ ತಿರುಗಿಸಲೇಬೇಕಾದಲ್ಲಿ, ತುಂಡನ್ನು ಅಚ್ಚಿನಂತೆ ಕೆಳಗಿನ ಲೇಯರಿನಲ್ಲಿ ಇಟ್ಟುಕೊಂಡು ಅದರ ಮೇಲೆ ಹೊಸದಾಗಿ ಕೈಯಿಂದಲೇ ಬಿಡಿಸಲಿ.